ಗಾಡಿ ಹೋಯ್ತಾ, ಮಾವ?

ನನ್ನ ಮಾವನ ಹೊಟ್ಟೆಯ ವಿಷಯ ನಮ್ಮ ಮನೆಯಲ್ಲಿ ಗಾಡಿಯ ವಿಷಯವಾಗಿತ್ತು. ಬೆಳಿಗ್ಗೆ ಅವರು ಕಕ್ಕಸಿನಿಂದ ಹೊರಬಂದು ಕೈ ಒರೆಸಿಕೊಳ್ಳುವಾಗ, ನಾನು ಹೊಲಿಗೆ ಮಿಷಿನ್ನಿನ ಹಿಂದೆ ಕೂತು ಮುಖ ಎತ್ತದೆ, ಗಾಡಿ ಹೋಯ್ತಾ ಮಾವ ಎಂದು ಕೇಳುತ್ತಿದ್ದೆ. ಹೋಗಿದ್ದರೆ, ಹೋಯ್ತಮ್ಮ ಎನ್ನುವರು. ಇಲ್ಲದಿದ್ದರೆ, ಇನ್ನೂ ಸಿಗ್ನಲ್ ಬಿದ್ದಿಲ್ಲ ಎನ್ನುವರು. ಸೊಸೆಯಾದವಳು ಮಾವನನ್ನು ಇದಕ್ಕಿಂತ ಬಿಚ್ಚಿ ಕೇಳುವುದಾದರೂ ಹೇಗೆ? ಆ ಮನುಷ್ಯ ನನ್ನೆದುರು ಆಕಳಿಸುವುದಕ್ಕೂ ಸಂಕೋಚಪಟ್ಟು ಗೋಡೆಯ ಕಡೆ ತಿರುಗುವ ಜಾತಿ.

ಮಾವ ಬಟ್ಟೆ ಕತ್ತರಿಸುವವರು, ನಾನು ಹೊಲಿಯುವವಳು. ನಾಟಕಮಂದಿರಗಳಿಗೆ, ಸಭಾಂಗಣಗಳಿಗೆ ಪರದೆ ಮಾಡಿಕೊಡುವುದು ನಮ್ಮ ಕಸುಬು. ಗಂಡ ಹಡಗಿನಲ್ಲಿ ಅಡುಗೆಯವನು, ಮನೆಯಲ್ಲಿರುವುದಕ್ಕಿಂತ ನೀರಿನ ಮೇಲಿರುವುದೇ ಹೆಚ್ಚು. ಅತ್ತೆಯನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ಹಾಗಾಗಿ ಮುಂದಿನ ಕೋಣೆಯಲ್ಲಿ ನಾವಿಬ್ಬರೇ, ಮಿಕ್ಕಿದ್ದೆಲ್ಲ ಬಟ್ಟೆ. ಮಧ್ಯಾಹ್ನದ ಬಿಸಿಲು ಮಖಮಲ್ಲಿನ ರಾಶಿಯ ಮೇಲೆ ಬಿದ್ದಾಗ ಇಡೀ ಕೋಣೆ ಕೆಂಪಗಾಗಿ, ನಾವು ಯಾರದೋ ಮುಚ್ಚಿದ ಕಣ್ಣುರೆಪ್ಪೆಯ ಒಳಗೆ ಕೂತು ಕೆಲಸ ಮಾಡುತ್ತಿದ್ದೇವೆ ಅನಿಸುತ್ತಿತ್ತು. ಮಾವನ ಕತ್ತರಿ ಆ ಕೆಂಪಿನಲ್ಲಿ ಸದ್ದಿಲ್ಲದೆ ಈಜುತ್ತಿತ್ತು. ನಾನು ಎಷ್ಟೋ ಸಲ ದಾರ ಪೋಣಿಸುವುದನ್ನು ಮರೆತು ಅದನ್ನೇ ನೋಡುತ್ತ ಕೂತುಬಿಡುತ್ತಿದ್ದೆ.

ಅವರ ಸಣ್ಣ ಕರುಳಿಗೆ ಹಳೆಯ ಬಾವು. ಬಂದು, ಇಳಿದು, ಮತ್ತೆ ಬಂದು, ಒಂದು ಕಡೆ ದಾರಿಯೇ ಕಿರಿದಾಗಿಬಿಟ್ಟಿದೆ ಎಂದು ಡಾಕ್ಟರಮ್ಮ ಹಾಳೆಯ ಮೇಲೆ ಬರೆದು ತೋರಿಸಿದ್ದರು. ಸಿಪ್ಪೆ ಬೇಡ, ಬೀಜ ಬೇಡ, ನಾರು ಬೇಡ, ಹಸಿ ಸೊಪ್ಪು ಬೇಡ, ಕಾಳು ಬೇಡವೇ ಬೇಡ. ಅವೆಲ್ಲ ಹೋಗಿ ಆ ಕಿರಿದಾದ ಜಾಗದಲ್ಲಿ ಸಿಕ್ಕಿಕೊಳ್ಳುತ್ತವೆ. ಬೇಡ ಅಂದದ್ದನ್ನೆಲ್ಲ ಬಿಟ್ಟ ಮೇಲೆ ತಟ್ಟೆಯಲ್ಲಿ ಉಳಿದದ್ದು ಬಿಳಿ ಅನ್ನ, ಬಿಳಿ ಬ್ರೆಡ್ಡು, ಮೊಟ್ಟೆ, ಸಿಪ್ಪೆ ತೆಗೆದು ನುಣ್ಣಗೆ ಕಿವುಚಿದ ಆಲೂಗಡ್ಡೆ. ಇಂಥದ್ದನ್ನೇ ತಿಂದರೆ ಹೊಟ್ಟೆ ಕಟ್ಟದೆ ಇನ್ನೇನಾಗುತ್ತದೆ?

ಮೇಲಿನ ಮನೆಯಾಕೆಗೆ ಹೇಗೋ ವಾಸನೆ ಬಡಿದು, ಒಂದು ಪೊಟ್ಟಣ ಗೋಧಿ ತೌಡು ಹಿಡಿದುಕೊಂಡು ಬಂದಳು. ನೆನೆಸಿದ ಒಣಹಣ್ಣು ತಿನ್ನಿಸು, ಸಿಪ್ಪೆ ಸಮೇತ ಸೇಬು ಕೊಡು, ಹರಳೆಣ್ಣೆ ಕುಡಿಸು ಎಂದು ಉಪದೇಶ ಬೇರೆ. ಊರಿಗೊಂದು ದಾರಿಯಾದರೆ ನಮ್ಮ ಮಾವನ ಹೊಟ್ಟೆಗೊಂದು ದಾರಿ ಎಂದು ಹೇಳಿದರೆ ಆಕೆಗೆ ಅರ್ಥವಾಗಲಿಲ್ಲ. ಊರಿನ ಔಷಧ ನಮ್ಮ ಮನೆಗೆ ವಿಷ ಕಣ್ರೀ ಎಂದು ಸ್ವಲ್ಪ ಜೋರಾಗಿಯೇ ಹೇಳಿ ಪೊಟ್ಟಣ ವಾಪಸು ಕೊಟ್ಟೆ. ಆಕೆ ಮೂಗು ಮುರಿದುಕೊಂಡು ಮೆಟ್ಟಿಲು ಹತ್ತಿದಳು.

ನಮ್ಮ ದಾರಿ ನಿಧಾನದ್ದು. ಎದ್ದ ಕೂಡಲೇ ಬಿಸಿನೀರು. ಡಾಕ್ಟರಮ್ಮ ಕೊಟ್ಟ ಪುಡಿ ನೀರಿನಲ್ಲಿ ಕದಡಿ ಒಂದು ಲೋಟ. ಸಿಪ್ಪೆ ತೆಗೆದು ಬೇಯಿಸಿ ಸೋಸಿದ ಸೇಬು. ಆಮೇಲೆ ಕತ್ತರಿಸುವ ಮೇಜಿನ ಸುತ್ತ ನಡಿಗೆ. ಅವರು ಮುಂದೆ, ನಾನು ಟೇಪು ಕೊರಳಿಗೆ ಹಾಕಿಕೊಂಡು ಹಿಂದೆ. ಕಕ್ಕಸಿನಲ್ಲಿ ಕಾಲಿಡಲು ಗಿಡ್ಡ ಮಣೆಯೊಂದನ್ನು ಇಟ್ಟಿದ್ದೆ, ತಿಣುಕಬಾರದು, ಕಾಯಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಇನ್ನೊಂದು ಮಾತನ್ನೂ ಹೇಳಿದ್ದರು: ಹೊಟ್ಟೆ ಕಟ್ಟಿದಷ್ಟು ದಿನ ತೆಳ್ಳಗಿನದನ್ನೇ ಕೊಡಬೇಕು, ಹೋದ ಮೇಲೆಯೇ ಗಟ್ಟಿ ಊಟ. ಕರುಳು ಪೂರ್ತಿ ಮುಚ್ಚಿಕೊಂಡರೆ ಕೊಯ್ಯಲೇಬೇಕಾಗುತ್ತದೆ, ಆದರೆ ಈ ದುರ್ಬಲ ಹೃದಯ ಇಟ್ಟುಕೊಂಡು ಆಪರೇಷನ್ ಮೇಜಿನ ಮೇಲಿಂದ ಎದ್ದು ಬರುತ್ತಾರೆಂದು ನಾನು ಮಾತು ಕೊಡಲಾರೆ ಎಂದಿದ್ದರು. ಜೀವನವಿಡೀ ಕತ್ತರಿ ಹಿಡಿದ ಮನುಷ್ಯ ಆ ಮಾತು ಕೇಳಿ ಎರಡು ಕೈಯನ್ನೂ ಹೊಟ್ಟೆಯ ಮೇಲೆ ಇಟ್ಟುಕೊಂಡರು. ನನಗಾದ ಹೆದರಿಕೆಯನ್ನು ನಾನು ಯಾರಿಗೂ ಹೇಳಲಿಲ್ಲ. ಹೆತ್ತ ಅಪ್ಪನಿಗಿಂತ ಆ ಮನುಷ್ಯನನ್ನು ನಾನು ಹೆಚ್ಚು ಪ್ರೀತಿಸುತ್ತಿದ್ದೆ.

ಆ ಸಲ ಶುಕ್ರವಾರದಿಂದ ಸಿಗ್ನಲ್ ಬಿದ್ದಿರಲಿಲ್ಲ. ನಾನು ತಿಳಿಗಂಜಿ, ಸೋಸಿದ ಸಾರು ಎಂದು ದಿನ ತಳ್ಳುತ್ತಿದ್ದೆ. ಅದೇ ಹೊತ್ತಿಗೆ ದೊಡ್ಡ ನಾಟಕಮಂದಿರದ ಪರದೆ ಮುಗಿಯುವುದಕ್ಕೆ ಬಂದಿತ್ತು. ಕೊನೆಯ ಅಂಚು ಮಡಿಚಿ ಹೊಲಿದು ಮಲಗಿದವಳಿಗೆ ಬೆಳಿಗ್ಗೆ ಬಿಸಿಲು ಏರಿದರೂ ಎಚ್ಚರವಿಲ್ಲ. ಕನಸಿನಲ್ಲಿ ಇನ್ನೂ ಹೊಲಿಯುತ್ತಲೇ ಇದ್ದೆ. ಬಟ್ಟೆ ಮುಗಿಯದೆ ಕಿಟಕಿಯಿಂದ ಹೊರಗೆ, ಬೀದಿಯುದ್ದಕ್ಕೂ ಹರಿದು ಹೋಗುತ್ತಿತ್ತು. ಮಾವನ ಚಪ್ಪಲಿಯ ಸದ್ದು ಕೇಳಿ, ಕಣ್ಣು ಬಿಡದೆ, ಅಭ್ಯಾಸಬಲದಿಂದ ಕೇಳಿದೆ.

"ಗಾಡಿ ಹೋಯ್ತಾ ಮಾವ?"

"ಹೋಯ್ತಮ್ಮ. ಈಗಷ್ಟೇ ಹೋಯ್ತು."

"ಕಷ್ಟ ಆಯ್ತಾ?"

"ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತುಬಿಡ್ತು. ಆಮೇಲೆ ಸಲೀಸಾಗಿ ಹೋಯ್ತು."

"ಪೂರ್ತಿ ಹೋಯ್ತಾ?"

"ಪೂರ್ತಿ. ಏನೂ ಉಳಿದಿಲ್ಲ, ನೀನು ಮಲಗು."

ಮಲಗುವುದೆಲ್ಲಿ ಬಂತು. ದಡಬಡನೆ ಎದ್ದು ಹೋಗಿ ನೋಡಿದರೆ ಮೇಜು ಖಾಲಿ, ಮಂದಿರದವರು ಬೇಗನೆ ಬಂದು ಪರದೆಯನ್ನೂ ಒಯ್ದಿದ್ದರು. ಒಂದೇ ಬೆಳಿಗ್ಗೆ ಎರಡೆರಡು ಶುಭ ಎಂದುಕೊಂಡೆ. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅನ್ನ, ಮೊಟ್ಟೆ, ಆಲೂಗಡ್ಡೆ, ಮೀನು, ಮೇಲೆ ಹಾಲಿನ ಸಿಹಿ. ಬೇಡ ಅಂದದ್ದು ಒಂದೂ ಇಲ್ಲ, ಆದರೆ ಎಲ್ಲವೂ ಗಟ್ಟಿ, ಎಲ್ಲವೂ ತಟ್ಟೆತುಂಬ. ಹಾಡು ಗುನುಗುತ್ತ ಬಡಿಸಿದೆ. ಮಾವ ತಟ್ಟೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ಪರದೆ ಹೋದ ಸಂತೋಷಕ್ಕೆ ಮಾಡಿದ್ದಾಳೆ, ಪಥ್ಯ ನನಗಿಂತ ಇವಳಿಗೇ ಚೆನ್ನಾಗಿ ಗೊತ್ತು ಎಂದುಕೊಂಡರಂತೆ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವ ಮನುಷ್ಯ, ಅದನ್ನೂ ಹಾಕಿಕೊಂಡರು.

ಸಂಜೆಗೆ ನೋವು ಬಂತು. ಅಲೆಅಲೆಯಾಗಿ ಬಂದು, ಒಮ್ಮೆ ವಾಂತಿಯಾಗಿ, ಹೊಟ್ಟೆ ಬಿಗಿದ ತಮಟೆಯ ಹಾಗೆ ಗಟ್ಟಿಯಾಯಿತು. ಆಸ್ಪತ್ರೆಯಲ್ಲಿ ಮೂಗಿನಿಂದ ನಳಿಗೆ ಇಳಿಸಿದರು, ಕೈಗೆ ಬಾಟಲಿ ಹಾಕಿದರು. ಸರ್ಜನ್ ನನ್ನನ್ನು ಕರೆದು ಕೊನೆಯ ಸಲ ಯಾವಾಗ ಹೋಗಿದ್ದರು ಎಂದು ಕೇಳಿದಾಗ, ಇವತ್ತು ಬೆಳಿಗ್ಗೆ ಎಂದೆ. ಮಂಚದ ಮೇಲಿಂದ ಮಾವ ಇಲ್ಲವೆಂದು ನಿಧಾನಕ್ಕೆ ತಲೆಯಾಡಿಸಿದರು.

"ಶುಕ್ರವಾರದಿಂದ ಇಲ್ಲ ಡಾಕ್ಟ್ರೆ."

"ಬೆಳಿಗ್ಗೆ ಗಾಡಿ ಹೋಯ್ತು ಅಂದ್ರಲ್ಲ ಮಾವ?"

"ಪರದೆ ಗಾಡಿ ಅಂದ್ಕೊಂಡೆ ಕಣಮ್ಮ."

ನೆಲ ಬಾಯಿ ಬಿಡಬಾರದೇ ಅನಿಸಿತು. ಸಿಟ್ಟು ಬಂತು, ಅವರ ಮೇಲೆ, ನನ್ನ ಮೇಲೆ, ಗಾಡಿ ಎನ್ನುವ ಮಾತನ್ನು ಯಾರು ಹುಟ್ಟಿಸಿದರೋ ಅವರ ಮೇಲೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಇಬ್ಬರೂ ಮುಚ್ಚಿಟ್ಟುಕೊಂಡ ಮಾನ ಈಗ ಅವರ ಕರುಳಿಗೆ ಬಂದು ಕೂತಿತ್ತು. ಸರ್ಜನ್ ನಗಲಿಲ್ಲ. ಬೆಳಗಿನವರೆಗೆ ಕಾದು ನೋಡೋಣ, ತಾನಾಗಿ ಬಿಡದಿದ್ದರೆ ಕೊಯ್ಯುವುದು ಅನಿವಾರ್ಯ ಎಂದರು. ಹೃದಯದ ವಿಷಯ ನಾನು ಕೇಳಿದ್ದಕ್ಕೆ, ಗೊತ್ತಮ್ಮ ಎಂದಷ್ಟೇ ಹೇಳಿ ಹೋದರು.

ಕುರ್ಚಿಯ ಮೇಲೆ ಕೂತವಳಿಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಮಂಪರು. ಮಂಚಮಂಚದ ನಡುವೆ ತಿಳಿಹಸಿರು ಪರದೆಗಳು. ಹೊಲಿಗೆ ಕಚ್ಚಾ, ಅಂಚು ಡೊಂಕು, ನನ್ನ ಕೈಗೆ ಕೊಟ್ಟಿದ್ದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಆ ಹಸಿರಿನೊಳಗೆ ಮಾವ ನಡೆದು ಹೋದ ಹಾಗಾಯಿತು. ನಾನು ಒಂದು ಪರದೆ ಸರಿಸಿದರೆ ಇನ್ನೊಂದು, ಅದನ್ನು ಸರಿಸಿದರೆ ಮತ್ತೊಂದು. ಮಾವ ಎಂದು ಕೂಗಲು ಹೋದರೆ ಬಾಯಿಯ ತುಂಬ ಗುಂಡುಸೂಜಿ. ಎಲ್ಲೋ ದೂರದಲ್ಲಿ ನರ್ಸು, ಅಜ್ಜ, ಗಾಳಿ ಬಂತಾ ಎಂದು ಕೇಳುತ್ತಿದ್ದಳು. ಇಲ್ಲಮ್ಮ ಎಂದು ಮಾವ ಹೇಳುತ್ತಿದ್ದರು. ಹೌದಲ್ಲ, ಪರದೆ ಅಲುಗುತ್ತಲೇ ಇಲ್ಲ, ಗಾಳಿ ಎಲ್ಲಿದೆ ಎಂದು ನಾನೂ ಕನಸಿನಲ್ಲೇ ಒಪ್ಪಿಕೊಂಡೆ.

ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು. ಗಾಲಿಮಂಚ ಬಾಗಿಲಲ್ಲಿ ನಿಂತಿತ್ತು. ಮಾವನಿಗೆ ಹಸಿರು ಅಂಗಿ ತೊಡಿಸಿದ್ದರು. ಅವರು ನನ್ನನ್ನು ನೋಡಿ, ಮಗ ಬಂದಾಗ ದೊಡ್ಡ ಕತ್ತರಿ ಅವನಿಗಲ್ಲ, ನಿನಗೆ ಎಂದು ಹೇಳು ಎಂದರು. ನಾನು ಸರ್ಜನ್ನರ ಹಿಂದೆ ಓಡಿದೆ. ಇನ್ನೊಂದು ದಿನ ಕಾಯಬಾರದೇ ಎಂದು ಅಂಗಲಾಚಿದೆ. ಅವರು ನಿಂತು ಸಮಾಧಾನವಾಗಿಯೇ ಹೇಳಿದರು.

"ಕಾಯಬಹುದಿತ್ತಮ್ಮ, ಗಾಳಿ ಆದ್ರೂ ಬಂದಿದ್ರೆ. ಅದು ಬಂದ್ರೆ ದಾರಿ ತೆರೀತಾ ಇದೆ ಅಂತ ಅರ್ಥ. ನರ್ಸ್ ಎರಡು ಸಲ ಕೇಳಿದ್ದಾಳೆ, ಇಲ್ಲ ಅಂದಿದ್ದಾರೆ."

ಗಾಳಿ. ನನಗೆ ಮೈಯೆಲ್ಲ ಒಮ್ಮೆಲೇ ಎಚ್ಚರವಾಯಿತು. ಒಂದು ನಿಮಿಷ ಡಾಕ್ಟ್ರೆ ಎಂದು ಹೇಳಿ ತಿರುಗಿ ಓಡಿದೆ. ಅಷ್ಟರಲ್ಲಿ ಅವರನ್ನು ಗಾಲಿಮಂಚಕ್ಕೆ ಎತ್ತಿಹಾಕಿ ತಳ್ಳತೊಡಗಿದ್ದರು. ನಾನು ಅದರ ಕಂಬಿಯನ್ನು ಹಿಡಿದು ನಿಲ್ಲಿಸಿದೆ. ಸುತ್ತ ಮಂಚಗಳಲ್ಲಿದ್ದವರು, ಅವರ ಕಡೆಯವರು, ನೆಲ ಒರೆಸುತ್ತಿದ್ದವಳು, ಎಲ್ಲರೂ ನೋಡುತ್ತಿದ್ದರು. ನೋಡಲಿ.

"ಮಾವ, ನರ್ಸ್ ಗಾಳಿ ಬಂತಾ ಅಂದಾಗ ನೀವೇನಂತ ತಿಳ್ಕೊಂಡ್ರಿ?"

"ಕಿಟಕಿ ಮುಚ್ಚಿತ್ತಲ್ಲಮ್ಮ. ಸೆಕೆ. ಬರ್ತಿಲ್ಲ ಅಂದೆ."

ನಾನು ಅವರ ಮುಖವನ್ನು ಎರಡು ಕೈಯಲ್ಲಿ ಹಿಡಿದುಕೊಂಡೆ. ಮದುವೆಯಾಗಿ ಬಂದಾಗಿನಿಂದ ಅವರನ್ನು ಮುಟ್ಟಿದ್ದು ಅದೇ ಮೊದಲು.

"ನಾನು ಸೊಸೆ ಅನ್ನೋದನ್ನ ಮರೆತುಬಿಡಿ. ಹೂಸು ಬಂತಾ ಮಾವ?"

ಅವರ ಕಿವಿ ಕೆಂಪಗಾಯಿತು. ಗೋಡೆಯ ಕಡೆ ತಿರುಗಲು ನೋಡಿದರು, ನಾನು ಬಿಡಲಿಲ್ಲ. ನನ್ನ ಕಣ್ಣಿನಿಂದ ನೀರು ಅವರ ಹಣೆಯ ಮೇಲೆ ಬೀಳುತ್ತಿತ್ತು. ಸರ್ಜನ್ ಬಂದು ನನ್ನ ಹಿಂದೆ ನಿಂತಿದ್ದರು. ಇಡೀ ವಾರ್ಡು ಒಬ್ಬ ಮುದುಕನ ಉತ್ತರಕ್ಕಾಗಿ ಕಾಯಿತು.

"ಬಂತಮ್ಮ," ಎಂದರು ಮಾವ. "ಬೆಳಗಿನ ಜಾವದಿಂದ ಬರ್ತಾನೇ ಇದೆ. ನೀನು ಪಕ್ಕದಲ್ಲೇ ಮಲಗಿದ್ದೆ, ಅದಕ್ಕೇ ಸದ್ದಾಗದ ಹಾಗೆ ಬಿಟ್ಟೆ."