ಎರಡಕ್ಕೆ ಒಂದು

ಕಡ್ಡಿಯ ತುದಿಯಿಂದ ಬಿದ್ದ ರೆಸಿನ್ ಹನಿ ಥರ್ಮೋಕೋಲ್ ತುಂಡಿನ ಮೇಲೆ ಒಂದು ಗಳಿಗೆ ಸುಮ್ಮನೆ ಕೂತಿತ್ತು. ಆಮೇಲೆ ಮೆಲ್ಲಗೆ ಒಳಕ್ಕೆ ಜಾರಿತು. ಬಿಳಿ ಕಾಳುಗಳು ಒಂದೊಂದಾಗಿ ಕರಗಿ, ಹನಿ ಇದ್ದ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ಗುಳಿ ಬಿತ್ತು.

"ನೋಡಿದ್ಯಾ, ಮನೋಯ್?" ಎಂದಳು ಎಡಿತಾ. ಅಣ್ಣನನ್ನು ಅವಳು ಚಿಕ್ಕಂದಿನಿಂದ ಕರೆಯುತ್ತಿದ್ದುದೇ ಹಾಗೆ.

ತಾಸ್ಯೋ ಇನ್ನೊಂದು ತುಂಡು ಎತ್ತಿಕೊಂಡು ಇನ್ನೊಂದು ಹನಿ ಬಿಟ್ಟ. ಅದೂ ಕರಗಿತು.

"ಈ ಥರ್ಮೋಕೋಲೇ ಸರಿಯಿಲ್ಲ," ಎಂದ.

ಮೂವತ್ತು ವರ್ಷದಿಂದ ಅವನು ಆ ದಂಡೆಯ ದೋಣಿಗಳನ್ನು ರಿಪೇರಿ ಮಾಡುತ್ತ ಬಂದವನು. ಚಂಡಮಾರುತದ ನಂತರ ಸಿಯಾರ್ಗಾವ್ ದ್ವೀಪದ ಆ ಮಗ್ಗುಲಲ್ಲಿ ಮತ್ತೆ ನೀರಿಗಿಳಿದ ದೋಣಿಗಳಲ್ಲಿ ಮುಕ್ಕಾಲು ಪಾಲು ಅವನ ಕೈ ಸೋಕಿದವು. ದೋಣಿಗೆ ಹಚ್ಚುವ ಪಾಲಿಯೆಸ್ಟರ್ ರೆಸಿನ್ ಒಂದನ್ನೇ ಅವನು ಬಲ್ಲ. ಅದನ್ನು ಗಟ್ಟಿಯಾಗಿಸುವ ದ್ರವವನ್ನು ಮೋಡವಿದ್ದರೆ ನಾಲ್ಕು ಹನಿ ಹೆಚ್ಚು, ಬಿಸಿಲಿದ್ದರೆ ಎರಡು ಹನಿ ಕಡಿಮೆ ಹಾಕುವನು. ಅಳತೆಯ ಲೋಟ ಅವನು ಕೆಲಸ ಮಾಡುವ ಕೊಟ್ಟಿಗೆಯಲ್ಲಿ ಇರಲೇ ಇಲ್ಲ.

ಎಡಿತಾ ಹನ್ನೊಂದು ವರ್ಷ ಗೆಸ್ಟ್‌ಹೌಸೊಂದರಲ್ಲಿ ಅಡುಗೆ ಮಾಡಿದವಳು. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಅತಿಥಿಗಳು ಮಲಗಿದ ಹೊತ್ತಿನಲ್ಲಿ ಅವರ ಸರ್ಫಿಂಗ್ ಬೋರ್ಡ್ ಎತ್ತಿಕೊಂಡು ಅಲೆಗಳ ಮೇಲೆ ಜಾರಲು ಹೋಗುತ್ತಿದ್ದಳು. ಬಿದ್ದು ಎದ್ದು ಕಲಿತಳು. ಬರಬರುತ್ತ, ಹುಡುಗರ ಕೈಲಿ ಕಲಿಯಲು ಮುಜುಗರಪಡುವ ಹೆಂಗಸರು ಅಡುಗೆಮನೆಯ ಬಾಗಿಲಿಗೆ ಬಂದು ಅವಳನ್ನೇ ಕೇಳತೊಡಗಿದರು. ಚಂಡಮಾರುತ ಗೆಸ್ಟ್‌ಹೌಸಿನ ಚಾವಣಿ ಹಾರಿಸಿದ ಮೇಲೆ ಮಾಲೀಕ ತಿರುಗಿ ಬರಲಿಲ್ಲ. ಸರ್ಫಿಂಗ್ ಕಲಿಸುವವರ ಸಂಘಕ್ಕೆ ಸೇರಿಸಿಕೊಳ್ಳಿ ಎಂದು ಅವಳು ಕೇಳಿದಾಗ ಅದರ ಮುಖಂಡ ಹರ್ನಾನ್, "ನಿಮ್ದೇ ಬೋರ್ಡ್ ಇದ್ರೆ ಬನ್ನಿ ಆಂಟಿ. ಮುಂದಿನ ತಿಂಗಳು ಮೊದಲ ಸೋಮವಾರದ ತನಕ ಜಾಗ ಇಟ್ಟಿರ್ತೀನಿ," ಎಂದಿದ್ದ.

ಮೀನಿನ ಕೋಲ್ಡ್ ಸ್ಟೋರೇಜಿನ ಗೋಡೆಯಿಂದ ಕಿತ್ತುಬಂದ ಥರ್ಮೋಕೋಲ್ ಹಲಗೆಗಳು ಆಗಿನ್ನೂ ದಂಡೆಯ ಪೊದೆಗಳಲ್ಲಿ ಸಿಕ್ಕಿಕೊಂಡಿದ್ದವು. ಎಡಿತಾ ಒಳ್ಳೆಯವನ್ನು ಆರಿಸಿ ತಂದಳು. ತಾಸ್ಯೋ ಗೊಣಗುತ್ತಲೇ ನಡುವೆ ಮರದ ಪಟ್ಟಿ ಕೂರಿಸಿ ಅಂಟಿಸಿಕೊಟ್ಟ. ಮೂರು ವಾರ ಅವಳು ಗರಗಸ, ಉಪ್ಪುಕಾಗದ ಹಿಡಿದು ಕೂತು, ಒಂಬತ್ತು ಅಡಿಯ ಅಗಲವಾದ ಬೋರ್ಡಿನ ಆಕಾರ ತೆಗೆದಳು. ಮೊದಲ ಸಲ ನಿಲ್ಲುವವರಿಗೆ ಅಷ್ಟು ಅಗಲ ಬೇಕು. ಇನ್ನು ಅದರ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ರೆಸಿನ್ ಹಚ್ಚಿ ಗಟ್ಟಿ ಮಾಡುವುದಿತ್ತು.

"ಈ ವಯಸ್ಸಲ್ಲಿ ಸೊಂಟದ ತನಕ ನೀರಲ್ಲಿ ನಿಂತು ಪರದೇಶದವರನ್ನ ಹಿಂದಿನಿಂದ ತಳ್ಳೋದೂ ಒಂದು ಕೆಲಸಾನಾ ದಾಯ್?" ಎಂದಿದ್ದ ತಾಸ್ಯೋ. ದಾಯ್ ಎಂದರೆ ತಂಗಿ. ನಲವತ್ನಾಲ್ಕಾದರೂ ಅವನಿಗೆ ಅವಳು ದಾಯ್‌ಯೇ.

"ಹನ್ನೊಂದು ವರ್ಷ ಅವರ ಎಂಜಲು ತಟ್ಟೆ ತೊಳೆದೆ. ಆಗ ನಿನಗೆ ಏನೂ ಅನ್ನಿಸ್ಲಿಲ್ವಲ್ಲ."

ಈಗ ಎರಡು ತುಂಡುಗಳಲ್ಲಿ ಎರಡು ಗುಳಿ. ಮಾರನೆಯ ದಿನ ಎಡಿತಾ ಬೇರೆ ರೆಸಿನ್ ಹುಡುಕಿಕೊಂಡು ಬೆಳಗಿನ ಹಡಗು ಹತ್ತಿ ಸುರಿಗಾವ್ ಪಟ್ಟಣಕ್ಕೆ ಹೋದಳು.

ಅಂಗಡಿಯ ಮಿಸಸ್ ಲಿಮ್ ಎಲ್ಲ ಕೇಳಿಸಿಕೊಂಡು ಮೂರು ಡಬ್ಬಿ ತಂದು ಗಲ್ಲೆಯ ಮೇಲೆ ಇಟ್ಟಳು.

"ದೋಣಿ ರೆಸಿನ್ ಥರ್ಮೋಕೋಲ್ ತಿನ್ನುತ್ತೆ. ಇದಕ್ಕೆ ಎಪಾಕ್ಸಿ ಅನ್ನೋ ರೆಸಿನ್ನೇ ಆಗ್ಬೇಕು. ಆದ್ರೆ ಎಪಾಕ್ಸಿ ಎಲ್ಲಾ ಒಂದೇ ಅಲ್ಲ. ಇದು ನೆಲಕ್ಕೆ ಹಾಕೋದು, ಜೇನಿನ ಹಾಗೆ ಮಂದ. ಬಟ್ಟೆ ಒಳಕ್ಕೆ ಇಳಿಯೋದೇ ಇಲ್ಲ. ಇದು ಬೇಗ ಹಿಡಿಯೋದು. ಈ ಸೆಕೆಗೆ ನೀನು ಅರ್ಧ ಬೋರ್ಡ್ ಹಚ್ಚೋದ್ರೊಳಗೆ ಲೋಟದಲ್ಲೇ ಹೊಗೆ ಏಳುತ್ತೆ." ಮೂರನೆಯದನ್ನು ಮುಂದಕ್ಕೆ ತಳ್ಳಿದಳು. "ಇದು ತಗೋ. ತೆಳು, ನೀರಿನ ಬಣ್ಣ. ಇದನ್ನ ಗಟ್ಟಿ ಮಾಡೋ ಹಾರ್ಡನರ್ ನಿಧಾನದ್ದು. ನಿನ್ನ ಕೈ ಹೊಸದಲ್ವಾ, ಅದಕ್ಕೆ ಪುರುಸೊತ್ತು ಕೊಡುತ್ತೆ."

"ಎಷ್ಟಕ್ಕೆ ಎಷ್ಟು?"

"ಎರಡು ಲೋಟ ರೆಸಿನ್, ಒಂದು ಲೋಟ ಹಾರ್ಡನರ್. ಅಡುಗೆಯವಳು ಅಂದ್ಯಲ್ಲ, ರುಚಿ ನೋಡಿ ಹಾಕೋ ಉಪ್ಪಲ್ಲ ಇದು. ಹಾರ್ಡನರ್ ಹೆಚ್ಚಿಗೆ ಹಾಕಿದ್ರೆ ಬೇಗ ಒಣಗುತ್ತೆ ಅಂದ್ಕೋಬೇಡ, ಯಾವತ್ತೂ ಒಣಗಲ್ಲ. ಕೈಗೆ ಗ್ಲೌಸ್ ಹಾಕ್ಕೋ. ಬೆಳಿಗ್ಗೆ ಹಚ್ಚಬೇಡ, ಬಿಸಿಲು ಏರೋವಾಗ ಥರ್ಮೋಕೋಲ್ ಉಸಿರು ಬಿಟ್ಟು ಗುಳ್ಳೆ ಏಳಿಸುತ್ತೆ. ಮೂರು ಗಂಟೆ ಮೇಲೆ."

ಎಡಿತಾ ಅಷ್ಟನ್ನೂ ತಂದು ಅಣ್ಣನಿಗೆ ಒಪ್ಪಿಸಿದಳು. ಅವನು ಡಬ್ಬಿ ತಿರುಗಿಸಿ ತಿರುಗಿಸಿ ನೋಡಿ, "ಆ ಅಂಗಡಿಯವಳು ಎಷ್ಟು ದೋಣಿ ಕಟ್ಟಿದ್ದಾಳಂತೆ?" ಎಂದ.

ಆದರೂ ಅಡಿಭಾಗದ ಕೆಲಸ ಸಲೀಸಾಗಿ ಆಯಿತು. ಎಡಿತಾ ಅಳೆದಳು, ಕಲಸಿದಳು. ತಾಸ್ಯೋ ಗಾಜಿನ ನಾರಿನ ಬಟ್ಟೆ ಹಾಸಿ ರಬ್ಬರ್ ಪಟ್ಟಿಯಲ್ಲಿ ರೆಸಿನ್ ಎಳೆದ. ಅವನ ಕೈ ಸಾಗಿದಂತೆ ಬಿಳಿ ಬಟ್ಟೆ ಪಾರದರ್ಶಕವಾಗಿ, ಕೊನೆಗೆ ಇದೆಯೋ ಇಲ್ಲವೋ ಎಂಬಂತಾಯಿತು. ಹೆಚ್ಚಾದ ಬಟ್ಟೆಯನ್ನು ಅಂಚಿನಿಂದ ಕೆಳಕ್ಕೆ ಮಡಚುವಾಗ ಅವನ ಬೆರಳುಗಳು ಒಂದು ಸುಕ್ಕನ್ನೂ ಉಳಿಸಲಿಲ್ಲ.

"ವಾಸನೇನೇ ಇಲ್ಲ. ಇದೆಂಥ ರೆಸಿನ್ನೋ," ಎಂದ. ಬೆಳಿಗ್ಗೆ ಗೆಣ್ಣಿನಿಂದ ಕುಟ್ಟಿ ನೋಡಿದ. ಪಿಂಗಾಣಿಯ ಸದ್ದು ಬಂತು. ಮತ್ತೊಮ್ಮೆ ಕುಟ್ಟಿದ.

ಎರಡನೆಯ ದಿನ ಮೇಲ್ಭಾಗ. ಎಡಿತಾ ಅಳೆದು ಇನ್ನೇನು ಕಲಸಬೇಕು ಎನ್ನುವಾಗ ಮೂಡಣದಿಂದ ಮೋಡ ಕವಿಯಿತು. ಗಾಳಿಗೆ ಕೊಟ್ಟಿಗೆಯ ಟಾರ್ಪಾಲಿನ ಒಂದು ಮೂಲೆ ಬಿಚ್ಚಿಕೊಂಡು ಪಟಪಟ ಬಡಿಯತೊಡಗಿತು. ಅವಳು ಕಟ್ಟಲು ಓಡಿದಳು. ತಾಸ್ಯೋ ಮೋಡ ನೋಡಿದ, ಲೋಟ ನೋಡಿದ. ಮೂವತ್ತು ವರ್ಷ ಮಾಡಿದ್ದನ್ನೇ ಅವನ ಕೈ ಮಾಡಿತು. ಹಾರ್ಡನರ್ ಬಾಟಲಿ ಬಗ್ಗಿಸಿ ಒಂದು ಧಾರೆ ಹೆಚ್ಚಿಗೆ ಬಿಟ್ಟು ಕಲಸತೊಡಗಿದ.

"ಕಲಸಿಬಿಟ್ಯಾ? ಒಳ್ಳೇದಾಯ್ತು," ಎಂದಳು ಎಡಿತಾ, ಗ್ಲೌಸ್ ಹಾಕಿಕೊಳ್ಳುತ್ತ.

ಮರುದಿನ ಬೆಳಿಗ್ಗೆ ಮುಟ್ಟಿದರೆ ಬೋರ್ಡಿನ ಮೈ ಬೆರಳಿಗೆ ಅಂಟಿತು. ಸಂಜೆಗೂ ಅಂಟಿತು. ಅದರ ಮರುದಿನ ಕೋಳಿಪುಕ್ಕವೊಂದು ಹಾರಿಬಂದು ಕೂತದ್ದು ಕೀಳಲು ಬರಲಿಲ್ಲ. ಹೆಬ್ಬೆರಳು ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು.

"ಹವಾ ಸರಿಯಿಲ್ಲ," ಎಂದ ತಾಸ್ಯೋ. ಆ ದಿನಗಳಲ್ಲಿ ಅವನು ಹರ್ನಾನ್‌ನ ಅಪ್ಪನ ದೋಣಿಯ ತಳ ಕೂಡಿಸುತ್ತಿದ್ದ. ಅದರಡಿಯಿಂದ ಊಟಕ್ಕಲ್ಲದೆ ಏಳಲಿಲ್ಲ.

ಎಡಿತಾ ಅದೇ ಲೋಟದಲ್ಲಿ ನೀರು ಅಳೆದು ನೋಡಿದಳು. ಎರಡು, ಒಂದು. ಚೆಲ್ಲಿ ಮತ್ತೆ ಅಳೆದಳು. ಮಿಸಸ್ ಲಿಮ್‌ಗೆ ಫೋನ್ ಮಾಡಿದಳು.

"ಅಳತೆ ತಪ್ಪಿದ್ದೀಯ," ಎಂದಳು ಮಿಸಸ್ ಲಿಮ್.

"ಇಲ್ಲ ಮೇಡಂ. ಗೆರೆಗೆ ಕಣ್ಣಿಟ್ಟು ಅಳೆದಿದ್ದೀನಿ."

"ಹಾಗೆ ಅಳೆದಿದ್ರೆ ಗಟ್ಟಿಯಾಗಿರ್ತಿತ್ತಲ್ಲಮ್ಮ."

ಫೋನ್ ಇಟ್ಟು ಅವಳು ಬಹಳ ಹೊತ್ತು ಲೋಟ ಹಿಡಿದುಕೊಂಡೇ ಕೂತಿದ್ದಳು. ದೋಣಿಯ ಕೆಳಗೆ ಉಪ್ಪುಕಾಗದದ ಸದ್ದು ನಿಂತಿತ್ತು.

ಮೂರನೆಯ ದಿನ ಹರ್ನಾನ್ ದೋಣಿ ನೋಡಲು ಬಂದವನು ಬೋರ್ಡನ್ನೂ ನೋಡಿದ. ಮುಟ್ಟಿ, ಬೆರಳನ್ನು ಚಡ್ಡಿಗೆ ಒರೆಸಿಕೊಂಡ.

"ನನ್ನ ಕೈಲಾಗೋ ಕೆಲಸ ಅಲ್ಲಪ್ಪ ಇದು," ಎಂದಳು ಎಡಿತಾ. "ಒಂದು ಲೋಟ ನೆಟ್ಟಗೆ ಅಳೆಯೋಕೆ ಬರಲಿಲ್ಲ ನನಗೆ. ಜಾಗ ಬೇರೆ ಯಾರಿಗಾದ್ರೂ ಕೊಡು."

ತಾಸ್ಯೋ ದೋಣಿಯಡಿಯಿಂದ ತೆವಳಿಕೊಂಡು ಹೊರಬಂದ. ಕೂದಲ ತುಂಬ ಪುಡಿ.

"ಕೊಡ್ಬೇಡ," ಎಂದ. "ಅವಳ ಅಳತೆ ಸರಿಯಾಗೇ ಇತ್ತು. ಆಮೇಲೆ ಹಾರ್ಡನರ್ ಹೆಚ್ಚಿಗೆ ಸುರಿದದ್ದು ನಾನು."

ಹರ್ನಾನ್ ಅವನನ್ನು ನೋಡಿದ. ಆಮೇಲೆ, ತಡೆಯಲಾರದೆ, ಅಪ್ಪನ ದೋಣಿಯತ್ತ ಒಮ್ಮೆ ನೋಡಿದ. ತಾಸ್ಯೋನಿಗೆ ಅದು ಕಂಡಿತು.

"ಅದು ಬೇರೆ ರೆಸಿನ್ನು. ಅದು ನನಗೆ ಗೊತ್ತು," ಎಂದ. ಅವನ ಕಿವಿ ಕೆಂಪಾಗಿತ್ತು.

ಹರ್ನಾನ್ ಹೋದ ಮೇಲೆ ಅಣ್ಣ ತಂಗಿ ಇಬ್ಬರೇ ಉಳಿದರು.

"ಮೂರು ದಿನ," ಎಂದಳು ಎಡಿತಾ.

"ಹೂಂ."

"ಮೂರು ದಿನ ನೀರು ಅಳೀತಾ ಕೂತಿದ್ದೆ ನಾನು. ನೀನು ನೋಡ್ತಾ ಇದ್ದೆ."

"ನೋಡ್ತಾ ಇದ್ದೆ."

ಅವಳು ಲೋಟವನ್ನು ಮೇಜಿನ ಮೇಲಿಟ್ಟು ಮನೆಗೆ ನಡೆದಳು. ಆ ಸಂಜೆ ಅತ್ತಿಗೆ ಮೀನಿನ ಸಾರು ಕಳಿಸಿದರೆ ಪಾತ್ರೆಯನ್ನು ಮುಚ್ಚಳ ತೆಗೆಯದೆ ವಾಪಸ್ಸು ಕಳಿಸಿದಳು.

ಬೆಳಿಗ್ಗೆ ತೆಂಗಿನಕಾಯಿ ಕೆರೆಯುವ ಮೊಂಡು ಚಾಕು ಹಿಡಿದು ಅವಳು ಕೊಟ್ಟಿಗೆಗೆ ಬಂದಾಗ, ತಾಸ್ಯೋ ಬಾಲದ ಕಡೆಯಿಂದ ಬಟ್ಟೆ ಸುಲಿಯಲು ಶುರುಮಾಡಿ ಆಗಿತ್ತು. ಅಂಟಂಟು ಬಟ್ಟೆ ಎಳೆದಲ್ಲೆಲ್ಲ ಥರ್ಮೋಕೋಲಿನ ಕಾಳು ಕಿತ್ತುಬರುತ್ತಿತ್ತು. ಅವಳು ಮೂತಿಯ ಕಡೆ ಕೂತು ಸುಲಿಯತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ನಡುವಿಗೆ ಬಂದು ಮುಟ್ಟಿದರು.

ಉಳಿದ ಅಂಟು ಒರೆಸಲು ತಾಸ್ಯೋ ಅಭ್ಯಾಸದಂತೆ ಥಿನ್ನರ್ ಬಾಟಲಿಗೆ ಕೈ ಹಾಕಿದ. ಬಾಟಲಿ ಎತ್ತಿದವನು ಅಲ್ಲೇ ತಡೆದು ನಿಂತ.

"ಇದು ಹಾಕ್ಬಹುದಾ, ದಾಯ್?"

ಆ ಕೊಟ್ಟಿಗೆಯಲ್ಲಿ ಅವನು ಯಾರನ್ನಾದರೂ ಏನನ್ನಾದರೂ ಕೇಳಿದ್ದು ಎಡಿತಾಗೆ ನೆನಪಿರಲಿಲ್ಲ.

"ಬೇಡ. ಅದೂ ಥರ್ಮೋಕೋಲ್ ತಿನ್ನುತ್ತೆ. ಸ್ಪಿರಿಟ್ ಸಾಕು."

"ಸರಿ," ಎಂದು ಬಾಟಲಿಯನ್ನು ಕೆಳಗಿಟ್ಟ.

ಗುಳಿ ತುಂಬಿ ತೀಡಿದ ಮೇಲೆ ನೋಡಿದರೆ ಉಳಿದ ಎಪಾಕ್ಸಿ ಒಂದೇ ಪದರಕ್ಕೆ ಸಾಲುವಷ್ಟಿತ್ತು. ಮೊಣಕಾಲು ಊರುವ ಜಾಗಕ್ಕೆ ಮಾತ್ರ ಇನ್ನೊಂದು ತುಂಡು ಬಟ್ಟೆ ಕೂರಿಸೋಣ ಎಂದ ತಾಸ್ಯೋ; ಅದು ಒಳ್ಳೆಯ ಯೋಚನೆಯಾಗಿತ್ತು. ನಾಲ್ಕು ಗಂಟೆಗೆ ಅವಳು ಅಳೆಯುವಾಗ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದ. ಅವಳು ಕಲಸಿ ಮುಗಿಸಿ ಲೋಟ ಚಾಚಿದ ಮೇಲೆಯೇ ರಬ್ಬರ್ ಪಟ್ಟಿ ತೆಗೆದುಕೊಂಡ. ಮೇಲ್ಮೈ ಮೊದಲಿನಷ್ಟು ನಯವಾಗಲಿಲ್ಲ. ಆದರೆ ಬೆಳಗಾಗುವ ಹೊತ್ತಿಗೆ ಗಟ್ಟಿಯಾಗಿತ್ತು.

ಸೋಮವಾರ ಸಂಘದಲ್ಲಿ ಅವಳ ಪಾಲಿಗೆ ಕಲಿಯಲು ಬಂದವಳು ಕೊರಿಯಾದ ಒಬ್ಬ ಹೆಂಗಸು. ಐವತ್ತರ ಆಸುಪಾಸು, ಮಾತು ಕಡಿಮೆ, ನೀರಿಗೆ ಹೆದರಿ ಎಡಿತಾಳ ಮಣಿಕಟ್ಟು ಹಿಡಿದೇ ಇದ್ದಳು. ಐದು ಸಲ ಬಿದ್ದಳು. ಆರನೆಯ ಅಲೆ ಸಣ್ಣದು, ಸಪಾಟಾಗಿ ಬಂತು. ಎಡಿತಾ ಬೋರ್ಡಿನ ಬಾಲಕ್ಕೆ ಅಂಗೈ ಕೊಟ್ಟು ತಳ್ಳಿದಳು. ಹೆಂಗಸು ಮೊಣಕಾಲೂರಿದಳು, ತಡವರಿಸಿದಳು, ಕೈಗಳನ್ನು ಅಗಲಿಸಿ ಎದ್ದು ನಿಂತಳು. ಬೋರ್ಡ್ ದಡದ ಕಡೆಗೆ ಜಾರುತ್ತ ಹೋಯಿತು. ಎಡಿತಾ ಸೊಂಟದ ತನಕ ನೀರಿನಲ್ಲಿ, ಅಂಗೈ ಇನ್ನೂ ಮುಂದಕ್ಕೆ ಚಾಚಿಕೊಂಡೇ ನಿಂತಿದ್ದಳು.