ಪೀಪಾಯಿಗಳ ಗೋಡೆ

"ತೋಪು ಹಾರಿಸ್ತೀಯಾ? ಇದರ ಮೇಲಿಂದಾನಾ?" ಅನ್ಸೆಲ್ಮೊ ಕಿರೋಗಾ ಕಾಲಡಿಯ ಗೋಡೆಯತ್ತ ಬೆರಳು ತೋರಿಸಿದ.

"ಇದರ ಮೇಲಿಂದ ಅಲ್ದೆ ನಿಮ್ಮನೆ ಅಟ್ಟದ ಮೇಲಿಂದ ಹಾರಿಸ್ಲಾ?" ತೋಪಿಗೆ ಮದ್ದು ಜಡಿಯುತ್ತಲೇ ಸಾರ್ಜೆಂಟ್ ಲೂಕಾಸ್ ಹೇಳಿದ. "ಹೊಸ ಗವರ್ನರು ಊರಿಗೆ ಕಾಲಿಟ್ಟ ದಿನ ಗೋಡೆಯ ಒಂದೊಂದು ಕಡೆಯಿಂದ್ಲೂ ಐದೈದು ಕುಶಾಲು ತೋಪು. ನಮ್ಮಜ್ಜನ ಕಾಲದಿಂದ್ಲೂ ಹಿಂಗೇ. ಒಂದು ಕಮ್ಮಿಯಾದ್ರೂ ನನ್ನ ಚರ್ಮ ಸುಲೀತಾರೆ."

ಕಾರ್ತಹೇನಾದ ಕಡಲಗೋಡೆಯ ರಿಪೇರಿಗೆ ಅನ್ಸೆಲ್ಮೊನೇ ಮೇಲ್ವಿಚಾರಕ. ಜನವರಿಯ ಬಿರುಗಾಳಿ ಬಿಷಪ್ಪರ ಮನೆಯ ಎದುರಿಗೇ ಇಪ್ಪತ್ತು ಮಾರು ಗೋಡೆಯನ್ನು ನುಂಗಿ ಹಾಕಿತ್ತು. ರಿಪೇರಿಯ ದುಡ್ಡು ಬರಬೇಕಾದದ್ದು ಸಾರಾಯಿಯ ಸುಂಕದಿಂದ. ಊರು ಕುಡಿದಷ್ಟು ಗೋಡೆ ಏಳಬೇಕು. ಇದು ಕಡಲಾಚೆ ಮ್ಯಾಡ್ರಿಡ್ಡಿನ ಅರಮನೆಯಲ್ಲಿ ಕೂತವರ ಬುದ್ಧಿವಂತಿಕೆ. ಊರೇನೋ ರಾಜಭಕ್ತಿಯಿಂದ ಕುಡಿಯುತ್ತಲೇ ಇತ್ತು. ಅಷ್ಟರಲ್ಲಿ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸ ಬಂತು. ಈ ದಿನಗಳಲ್ಲಿ ಸಾರಾಯಿ ಮುಟ್ಟಿದವನನ್ನು ಇಗರ್ಜಿಯ ಹೊಸ್ತಿಲು ದಾಟಲು ಬಿಡುವುದಿಲ್ಲ ಎಂದು ಬಿಷಪ್ಪರು ಗುಡುಗಿದರು. ಸುಂಕ ನಿಂತಿತು, ಕಲ್ಲು ಬರುವುದೂ ನಿಂತಿತು. ಹೊಸ ಗವರ್ನರು ಮಾತ್ರ ನಿಲ್ಲಲಿಲ್ಲ, ಹಡಗು ಹತ್ತಿ ಬಂದೇಬಿಟ್ಟರು.

ಪಾಪ, ಅನ್ಸೆಲ್ಮೊ ಕಳ್ಳನಲ್ಲ. ಪುಕ್ಕಲ, ಅಷ್ಟೇ. ಸಾರಾಯಿ ಅಂಗಡಿಯ ತೊಮಾಸಾಳ ಕೈಕಾಲು ಹಿಡಿದು ಖಾಲಿ ಪೀಪಾಯಿಗಳನ್ನು ತಂದು, ಮರಳು ತುಂಬಿಸಿ, ಒಂದರ ಮೇಲೊಂದು ಪೇರಿಸಿ, ಮೇಲೆ ಹಲಗೆ ಹಾಸಿ, ಎಲ್ಲಕ್ಕೂ ದಪ್ಪಗೆ ಸುಣ್ಣದ ಗಾರೆ ಮೆತ್ತಿಸಿದ್ದ. ದೂರದಿಂದ ನೋಡಿದರೆ ಹಳೇ ಗೋಡೆಗಿಂತ ಇದೇ ಚೆಂದ. ಗವರ್ನರು ಒಮ್ಮೆ ನೋಡಿ ಹೋದರೆ ಸಾಕು, ಈಸ್ಟರ್ ಕಳೆದ ಮೇಲೆ ಕಲ್ಲು ಕೂರಿಸಿದರಾಯಿತು ಎಂದುಕೊಂಡಿದ್ದ. ತೋಪಿನ ಯೋಚನೆಯೇ ಅವನಿಗೆ ಬಂದಿರಲಿಲ್ಲ. ತೋಪಿನ ಅದುರಿಗೆ ಪೀಪಾಯಿ ಉರುಳಿ ಗುಟ್ಟು ರಟ್ಟಾದರೆ ಕೋಟೆಯ ನೆಲಮಾಳಿಗೆಯ ಸೆರೆಯೇ ಗತಿ.

"ಮದ್ದಾದ್ರೂ ಸ್ವಲ್ಪ ಕಮ್ಮಿ ಹಾಕಪ್ಪ," ಎಂದ ಮೆಲ್ಲಗೆ.

"ಯಾಕೆ, ನಿಮ್ಮ ಗೋಡೆಗೆ ಕಿವಿನೋವಾ?"

ಕೆಳಗೆ ಬೀದಿಯಲ್ಲಿ ಮೆರವಣಿಗೆ ಕಾಣಿಸಿತು. ಗವರ್ನರು, ಪಕ್ಕದಲ್ಲಿ ಬಿಷಪ್ಪರು, ಹಿಂದೆ ಇಡೀ ಊರು. ಬಿಸಿಲಿಗೆ ಬೆಂದವರೆಲ್ಲ ಮೊದಲೇ ಬಂದು ಗೋಡೆಯ ನೆರಳಿಗೇ ಕೂತಿದ್ದರು. ಮೀನು ಕರಿಯುವವಳೊಬ್ಬಳು ಪೀಪಾಯಿಗಳಿಗೇ ಬೆನ್ನು ಆನಿಸಿ ಒಲೆ ಊದುತ್ತಿದ್ದಳು. ಅವಳನ್ನು ನೋಡಿದ ಮೇಲೆ ಅನ್ಸೆಲ್ಮೊಗೆ ತಡೆಯಲಾಗಲಿಲ್ಲ. ಲೂಕಾಸ್ ಬತ್ತಿಗೆ ಬೆಂಕಿ ಮುಟ್ಟಿಸುವಷ್ಟರಲ್ಲಿ ಅದನ್ನು ಕಿತ್ತುಕೊಂಡು ಕಾಲಲ್ಲಿ ಹೊಸಕಿಬಿಟ್ಟ.

"ಮಹಾಸ್ವಾಮಿ!" ಎಂದು ಕಿರುಚಿದ. "ಇದು ಗೋಡೆಯಲ್ಲ! ಪೀಪಾಯಿ!"

ಗವರ್ನರು ಹತ್ತಿರ ಬಂದು ಬೆತ್ತದಿಂದ ಕುಟ್ಟಿದರು. ಗಾರೆಯ ಚಕ್ಕೆ ಉದುರಿ ಕಬ್ಬಿಣದ ಪಟ್ಟಿ ಹಲ್ಲು ಕಿರಿಯಿತು.

"ಏನಯ್ಯ ಇದು?"

"ದುಡ್ಡಿರ್ಲಿಲ್ಲ ಪ್ರಭು."

"ದುಡ್ಡು ಎಲ್ಲಿಂದ ಬರ್ಬೇಕು?"

"ಸಾರಾಯಿಯಿಂದ."

"ಊರಲ್ಲಿ ಸಾರಾಯಿ ಇಲ್ವೋ?"

"ಇದೆ ಪ್ರಭು. ಉಪವಾಸಾನೂ ಇದೆ."

ಗವರ್ನರು ಬಿಷಪ್ಪರ ಕಡೆ ತಿರುಗಿದರು. ಬಿಷಪ್ಪರು ಪೀಪಾಯಿಗಳನ್ನು ನೋಡಿದರು, ಎದುರಿಗಿದ್ದ ತಮ್ಮ ಮನೆಯನ್ನು ನೋಡಿದರು. ಆಚೆಯಿಂದ ಒಂದು ಅಲೆ ಬಂದು ಅಪ್ಪಳಿಸಿತು. ಸಂದಿಯಿಂದ ಮರಳು ಸುರಿದು ಅವರ ಕಾಲಿನ ರೇಷ್ಮೆ ಚಡಾವಿನ ಮೇಲೆ ಬಿತ್ತು.

"ಹೊಟ್ಟೆನೋವಿಗೆ ಔಷಧಿ ಅಂತ ಒಂದು ಲೋಟ ತಗೊಂಡ್ರೆ," ಎಂದರು ನಿಧಾನವಾಗಿ, "ಉಪವಾಸವೇನೂ ಕೆಡೋದಿಲ್ಲ."

ಗವರ್ನರು ಅನ್ಸೆಲ್ಮೊನತ್ತ ಬೆತ್ತ ತೋರಿಸಿದರು. "ಸುಳ್ಳು ಗೋಡೆ ಕಟ್ಟಿದ್ದಕ್ಕೆ ನಿನ್ನನ್ನ ಒಳಗೆ ಹಾಕ್ಬೇಕು. ತೋಪು ನಿಲ್ಲಿಸಿದ್ದಕ್ಕೆ ಹೊರಗೆ ಬಿಡ್ಬೇಕು. ಈಸ್ಟರ್ ಒಳಗೆ ಕಲ್ಲಿನ ಗೋಡೆ ಏಳ್ಲಿ, ಆಮೇಲೆ ನೋಡೋಣ."

ಮಧ್ಯಾಹ್ನದ ಹೊತ್ತಿಗೆ ಇಡೀ ಕಾರ್ತಹೇನಾಕ್ಕೆ ಹೊಟ್ಟೆನೋವು. ತೊಮಾಸಾಳ ಅಂಗಡಿಯ ಮುಂದೆ ಸಾಲು ಬೀದಿಯ ತಿರುವು ದಾಟಿತ್ತು. ವಕೀಲರು ಬಗ್ಗಿ ನಡೆಯುತ್ತಿದ್ದರು, ಕಲ್ಲುಕುಟಿಗರು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ನರಳುತ್ತಿದ್ದರು, ಲೂಕಾಸನಂತೂ ಇಬ್ಬರ ಹೆಗಲ ಮೇಲೆ ಕೈಹಾಕಿಕೊಂಡು ಬಂದ.

ಅನ್ಸೆಲ್ಮೊನೂ ಸಾಲಿನಲ್ಲಿ ನಿಂತ. ಅವನ ಸರದಿ ಬಂದಾಗ ತೊಮಾಸಾ ಸೊಂಟಕ್ಕೆ ಕೈಯಿಟ್ಟಳು. "ನಿಮಗೂನಾ ಸ್ವಾಮಿ? ಬಲಕ್ಕೋ ಎಡಕ್ಕೋ?"

"ನನಗೆ ಹೊಟ್ಟೆನೋವಿಲ್ಲ."

ಹಿಂದಿನವರ ನರಳಾಟ ಗಕ್ಕನೆ ನಿಂತಿತು.

"ಮೆತ್ತಗೆ ಮಾತಾಡಿ!" ತೊಮಾಸಾ ಹಲ್ಲು ಕಚ್ಚಿದಳು. "ನನ್ನ ವ್ಯಾಪಾರಕ್ಕೆ ಕಲ್ಲು ಹಾಕ್ಬೇಡಿ. ನೋವಿಲ್ದೆ ಯಾಕೆ ಬಂದ್ರಿ ಮತ್ತೆ?"

"ಹೆದರಿಕೆ," ಎಂದ ಅನ್ಸೆಲ್ಮೊ. "ಇನ್ನೂ ಇಳ್ದಿಲ್ಲ."

ಅವಳು ಅವನ ಮುಖ ನೋಡಿದಳು. ಲೋಟವನ್ನು ಅಂಚಿನವರೆಗೆ ತುಂಬಿಸಿದಳು.

ಅವನು ಅದನ್ನು ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕಡಲಗೋಡೆಗೆ ನಡೆದ. ಮೀನಿನವಳು ಎದ್ದುಹೋಗಿದ್ದ ಜಾಗದಲ್ಲಿ ಕೂತು, ಪೀಪಾಯಿಗೆ ಬೆನ್ನು ಕೊಟ್ಟು, ಒಂದು ಗುಟುಕು ಕುಡಿದ. ಆಚೆ ಕಡೆಯಿಂದ ಸಮುದ್ರವೂ ಅದೇ ಪೀಪಾಯಿಗೆ ಮೆಲ್ಲಗೆ ಭುಜ ಕೊಡುತ್ತಿತ್ತು.