ಕಲ್ಲಿನ ಉಡ

ಉಡ ಹೊಕ್ಕ ಮನೆಗೆ ಆರು ತಿಂಗಳು ಬೀಗ ಹಾಕಿ ಹೊರಗಿರಬೇಕು. ಅಜ್ಜಂಪುರದ ನಮ್ಮ ಬೀದಿಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಕಲ್ಲಿನ ಉಡ ಹೊಕ್ಕರೆ? ಈ ಪ್ರಶ್ನೆ ಎದ್ದಿದ್ದು ಎಪ್ಪತ್ತೊಂಬತ್ತರಲ್ಲಿ, ಓಬಮ್ಮನ ಮನೆಯಲ್ಲಿ.

ಓಬಮ್ಮನ ಅಪ್ಪ ಓಬಳಪ್ಪ ಯುದ್ಧದ ಕಾಲದಲ್ಲಿ ಬರ್ಮಾದಲ್ಲಿ ಮಿಲಿಟರಿ ಅಡುಗೆಯವನಾಗಿದ್ದ. ಊರು ಬಿಟ್ಟು ಓಡುತ್ತಿದ್ದ ಚೀನಾದ ಮುದುಕಿಯೊಬ್ಬಳನ್ನು ಮೂರು ದಿನ ಬೆನ್ನ ಮೇಲೆ ಹೊತ್ತನಂತೆ. ಅವಳು ತನ್ನ ಗಂಟು ಬಿಚ್ಚಿ ಒಂದು ಹಸಿರು ಕಲ್ಲಿನ ಬಿಲ್ಲೆ ಕೊಟ್ಟಳಂತೆ. ಅಂಗೈ ಅಗಲ, ನಡುವೆ ತೂತು, ಮೈಮೇಲೆ ನಾಲ್ಕು ಕಾಲಿನ ಪ್ರಾಣಿಯೊಂದು ಬಾಲ ಸುತ್ತಿಕೊಂಡು ತೆವಳುತ್ತಿದೆ. ಅಪ್ಪ ತೀರಿಕೊಂಡ ಮೇಲೆ ಮಗಳು ಅದನ್ನು ತಂದು ನಡುಮನೆಯ ಗೂಡಿನಲ್ಲಿಟ್ಟುಕೊಂಡಳು. ಗಂಡನೂ ಇಲ್ಲದ ಓಬಮ್ಮನಿಗೆ ತನ್ನದು ಅಂತ ಇದ್ದದ್ದು ಆ ಮನೆಯೊಂದೇ.

ಸುಣ್ಣ ಬಳಿಯುವ ದಿನ ಬಂದ ಓಬಮ್ಮನ ಭಾವ ರಂಗಪ್ಪ ಬಿಲ್ಲೆ ನೋಡಿದವನೇ ಕೈಲಿದ್ದ ಕಾಫಿ ಲೋಟ ಬಿಟ್ಟ.

“ಅಯ್ಯಯ್ಯೋ, ಉಡ ಕಣಮ್ಮ ಇದು!”

“ಕಲ್ಲು ಭಾವ, ಬರೀ ಕಲ್ಲು.”

“ಕಲ್ಲಾದ್ರೇನು? ಗುಡೀಲಿರೋ ಬಸವಣ್ಣನೂ ಕಲ್ಲೇ. ಕೈ ಮುಗಿಯಲ್ವಾ ನೀನು?”

ಈ ಮಾತಿಗೆ ಇಡೀ ಬೀದಿ ತಲೆದೂಗಿತು. ಹಿರಿಯ ಬೀರಪ್ಪಜ್ಜ ತೀರ್ಮಾನ ಕೊಟ್ಟ: ಬಿಲ್ಲೆಯನ್ನು ಕೆರೆಗೆ ಎಸೆದು ಶಾಂತಿ ಮಾಡಿಸಬೇಕು. ಇಲ್ಲವೇ ಬೀಗ ಹಾಕಿ ರಂಗಪ್ಪನ ಕೊಟ್ಟಿಗೆ ಪಕ್ಕದ ಕೋಣೆಗೆ ಹೋಗಬೇಕು. ಒಂದು ವಾರ ಗಡುವು.

ಓಬಮ್ಮ ಬಿಲ್ಲೆಯನ್ನು ಎಲೆಅಡಿಕೆ ಸಂಚಿಗೆ ಹಾಕಿಕೊಂಡು ಶಿವಮೊಗ್ಗದ ರೈಲು ಹತ್ತಿದಳು. ಅಲ್ಲೊಬ್ಬ ಚೀನಾದ ಹಲ್ಲಿನ ಡಾಕ್ಟರಿದ್ದ. ಅವನು ಬಾಯಿ ತೆರೆದು ಕೂತಿದ್ದ ರೋಗಿಯನ್ನು ಹಾಗೇ ಬಿಟ್ಟು ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದ.

“ಈ ದುಂಡಗಿರೋದು ಆಕಾಶ ಅಮ್ಮ. ಇದು ಡ್ರ್ಯಾಗನ್, ಕೊಂಬಿಲ್ಲದ್ದು. ಮಳೆ ತರೋ ಪ್ರಾಣಿ ಅಂತಾರೆ ನಮ್ಮೋರು. ಹಿಂದೆ ಇಂಥದ್ದನ್ನ ಸತ್ತೋರ ಎದೆ ಮೇಲೆ ಇಟ್ಟು ಕಳಿಸ್ತಿದ್ರು. ಕೆಲವದರಲ್ಲಿ ಹಕ್ಕಿ, ಕೆಲವದರಲ್ಲಿ ಹುಲಿ.”

“ಇದು ಮನೆ ಬಿಡಿಸುತ್ತಾ ಸ್ವಾಮಿ?”

“ಬಿಡಿಸೋದಾ? ಕಾಯುತ್ತೆ!”

ವಾರ ಮುಗಿದ ದಿನ ರಂಗಪ್ಪ ಬೀರೂರಿನಿಂದ ಹೊಸ ಬೀಗ ತಂದ. ಓಬಮ್ಮ ಹೇಳಿದ್ದನ್ನೆಲ್ಲ ಕೇಳಿ ನಕ್ಕ.

“ಹಲ್ಲು ಕೀಳೋನ ಮಾತು ಕೇಳ್ಕೊಂಡು ಉಡಾನ ಆಕಾಶಕ್ಕೆ ಹತ್ತಿಸ್ತೀಯಾ? ಹೊರಗೆ ಬಾ. ಇಲ್ದಿದ್ರೆ ನೀನು ಒಳಗಿದ್ದಂಗೇ ಬೀಗ ಜಡೀತೀನಿ.”

“ಜಡೀರಿ ಭಾವ. ಬೀಗ ನಿಮ್ದು, ಬಾಗ್ಲು ನಂದು. ನಾನು ಬಿಸಾಕಲ್ಲ, ಬಿಟ್ಟೂ ಹೋಗಲ್ಲ.”

ಜಡಿದೇ ಬಿಟ್ಟ. ಅವಳು ಅಂಗಲಾಚಲಿ ಎಂದು ಬೀರಪ್ಪಜ್ಜನ ಜೊತೆ ಜಗಲಿಯ ಮೇಲೆ ಕೂತ. ಇನ್ನೂ ನಾಲ್ಕು ಜನ ಬಂದು ಕೂತರು.

ಒಳಗೆ ಓಬಮ್ಮ ಒಲೆ ಹಚ್ಚಿದಳು. ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು, ಬಾಂಡಲಿ ತುಂಬ ಒಣಮೆಣಸಿನಕಾಯಿ ಸುರಿದಳು. ಘಾಟು ಕಿಟಕಿಯಿಂದ ನೇರ ಜಗಲಿಗೆ ಇಳಿಯಿತು. ಮೊದಲು ಬೀರಪ್ಪಜ್ಜ ಕೆಮ್ಮಿದ. ಆಮೇಲೆ ಯಾರು ಕೆಮ್ಮಿದರು, ಯಾರು ಸೀನಿದರು ಎಂದು ಗೊತ್ತಾಗಲಿಲ್ಲ. ಅಜ್ಜನ ಪಂಚೆ ಬಿಚ್ಚಿಹೋಯಿತು, ಕಟ್ಟಿಕೊಳ್ಳಲು ಕಣ್ಣು ಕಾಣಬೇಕಲ್ಲ!

“ಲೇ ರಂಗ, ತೆಗೆಯೋ ಬೀಗಾನ! ಉಡ ಕಚ್ಚೋದಕ್ಕೆ ಮುಂಚೆ ಇವ್ಳೇ ಕೊಲ್ತಾಳೆ!”

ರಂಗಪ್ಪ ತಡಕಾಡಿ ಬೀಗ ತೆಗೆದು ಬಾಗಿಲು ತಳ್ಳಿದ. “ನಿನ್ ದಮ್ಮಯ್ಯ, ಹೊರಗೆ ಬಾರಮ್ಮ!”

ಓಬಮ್ಮ ಏಳಲಿಲ್ಲ. ಸೌಟಿನಲ್ಲಿ ಮೆಣಸಿನಕಾಯಿ ತಿರುವುತ್ತಲೇ ಹೇಳಿದಳು:

“ನಾನೇನು ತೆಗೀರಿ ಅಂದ್ನಾ? ಸಾರಿನ ಪುಡಿಗೆ ಹುರೀತಿದ್ದೀನಿ. ಒಳಕ್ಕೆ ಬರೋದಾದ್ರೆ ಚಪ್ಪಲಿ ಬಿಟ್ಟು ಬನ್ನಿ ಭಾವ.”